ಊದುಬತ್ತಿ ದೇವರಿಗೆ, ಮುದ್ರೆ ತಕ್ಕಡಿಗೆ

"ಧರ್ಮಸ್ಥಳಕ್ಕೆ ಬಾ, ಆಣೆ ಮಾಡು!"

ಕರಾವಳಿಯಲ್ಲಿ ಜಗಳ ಈ ಮಾತಿಗೆ ಬಂದು ಮುಟ್ಟಿತೆಂದರೆ ಮುಗಿಯಿತು. ಬೇಲಿಯ ಗಲಾಟೆ ಇರಲಿ, ಚೀಟಿ ಹಣದ ತಕರಾರಿರಲಿ, ಅಣ್ಣತಮ್ಮಂದಿರ ಪಾಲಿನ ಪಂಚಾಯಿತಿಯೇ ಇರಲಿ, ಒಬ್ಬ ಈ ಮಾತು ಎತ್ತಿದ ಕೂಡಲೇ ಊರವರು ಇನ್ನೊಬ್ಬನ ಮುಖ ನೋಡುತ್ತಾರೆ. ಆತ "ಆಯ್ತು, ನಡಿ" ಎಂದರೆ ಊರು ಅವನ ಕಡೆ. "ಅದೆಲ್ಲ ಯಾಕೆ ಮಾರಾಯ್ರೆ" ಎಂದನೋ, ಊರು ಒಳಗೊಳಗೇ ತೀರ್ಪು ಬರೆದಾಯಿತು. ಕಾಸು ಬಿಡದ ತಿಮ್ಮಪ್ಪ, ಮಾತು ಬಿಡದ ಮಂಜುನಾಥ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈ ಒಂದು ಮಾತಿನ ಹಿಂದೆ ದೊಡ್ಡದೊಂದು ಪ್ರಶ್ನೆ ಕೂತಿದೆ. ದೇವರ ಹೆದರಿಕೆ ಇಲ್ಲದಿದ್ದರೆ ಜನ ಸತ್ಯ ಹೇಳುತ್ತಾರೆಯೇ? ಅಂಗಡಿಯವರು ತೂಕ ಸರಿಯಾಗಿ ಹಾಕುತ್ತಾರೆಯೇ? ಕೊಟ್ಟ ಕೈಗಡ ವಾಪಸು ಬರುತ್ತದೆಯೇ? ಧರ್ಮ ಹೋದರೆ ನೀತಿಯೂ ಹೋಯಿತು ಎಂದು ಮೈಕಿನಲ್ಲಿ ಕೂಗುವವರು ಒಂದು ಕಡೆ. ಧರ್ಮದಿಂದಲೇ ಎಲ್ಲ ಹಾಳು ಎನ್ನುವವರು ಇನ್ನೊಂದು ಕಡೆ. ನಡುವೆ ಚೀಲ ಹಿಡಿದು ಸಂಜೆಯ ಬಸ್ಸಿಗೆ ಕಾಯುವ ಮನುಷ್ಯ. ಅವನಿಗೆ ಎರಡೂ ಕಡೆಯ ಭಾಷಣ ಕೇಳಿ ಸಾಕಾಗಿದೆ. ಲೆಕ್ಕ ಹೇಳಿ ಎನ್ನುತ್ತಾನೆ.

ಲೆಕ್ಕವನ್ನು 2011ರಿಂದ ಶುರು ಮಾಡಬಹುದು.

ಆ ಜೂನ್ 27

2011ರ ಜೂನ್ ತಿಂಗಳು. ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿ. ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮೇಲೆ ಒಂದಾದ ಮೇಲೊಂದು ಆರೋಪ ಹೊರಿಸುತ್ತಿದ್ದರು. ರಾಜಿ ಮಾಡಿಕೊಳ್ಳೋಣವೆಂದು ಮುಖ್ಯಮಂತ್ರಿಗಳ ಕಡೆಯಿಂದ ದೂತರು ಬಂದಿದ್ದರು ಎಂದೂ ಹೇಳಿಬಿಟ್ಟರು. ಸಿಟ್ಟಿಗೆದ್ದ ಯಡಿಯೂರಪ್ಪನವರು ಪತ್ರಿಕೆಗಳಲ್ಲಿ ಬಹಿರಂಗ ಪತ್ರವನ್ನೇ ಹಾಕಿಸಿದರು. ಧರ್ಮಸ್ಥಳಕ್ಕೆ ಬನ್ನಿ, ಹೇಳಿದ್ದು ನಿಜವೆಂದು ಮಂಜುನಾಥನ ಎದುರು ಪ್ರಮಾಣ ಮಾಡಿ ಎಂಬುದು ಸವಾಲು. ಕುಮಾರಸ್ವಾಮಿ ಒಪ್ಪಿದರು. ಜೂನ್ 27 ಎಂದು ದಿನ ಗೊತ್ತಾಯಿತು.

ವಿಧಾನಸೌಧದ ಜಗಳ ಬೆಳ್ತಂಗಡಿ ತಾಲೂಕಿಗೆ ಬಂದಿಳಿಯಿತು. ಅಷ್ಟರೊಳಗೆ ಪಕ್ಷದ ಹಿರಿಯರು, ಮಠಾಧೀಶರು ಆಣೆ ಗೀಣೆ ಬೇಡ ಎಂದರು. ಆ ದಿನ ಇಬ್ಬರೂ ಬಂದರು, ಬೇರೆ ಬೇರೆಯಾಗಿ ದರ್ಶನ ಮಾಡಿದರು, ಹೋದರು. ಎದುರುಬದುರು ನಿಂತು ಆಣೆ ಮಾಡುವ ಪ್ರಸಂಗ ಬರಲೇ ಇಲ್ಲ. ಕಾದು ಕೂತ ಜನರಿಗೆ ಸಿಕ್ಕಿದ್ದು ಕಾರುಗಳ ಧೂಳು.

ಸರಿಯಾಗಿ ಒಂದು ತಿಂಗಳು ಕಳೆಯಿತು. ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಸರ್ಕಾರದ ಕೈಗೆ ಕೊಟ್ಟರು. ಜುಲೈ 31ರಂದು ಯಡಿಯೂರಪ್ಪನವರ ರಾಜೀನಾಮೆ. ಮುಂದೆ ಮೊಕದ್ದಮೆ ನಡೆದು, ಗಣಿ ಕಂಪೆನಿಯಿಂದ ಲಂಚ ಪಡೆದ ಆರೋಪದಲ್ಲಿ 2016ರ ಅಕ್ಟೋಬರಿನಲ್ಲಿ ಸಿಬಿಐ ವಿಶೇಷ ಕೋರ್ಟು ಅವರನ್ನು ಖುಲಾಸೆ ಮಾಡಿತು.

ಇಲ್ಲಿ ಗಮನಿಸಬೇಕಾದ್ದು ಯಾರು ಸರಿ, ಯಾರು ತಪ್ಪು ಎಂಬುದಲ್ಲ. ಆರೋಪ ಹೊತ್ತದ್ದೂ ಕಾಗದದ ಮೇಲೆ, ಆರೋಪ ಇಳಿದದ್ದೂ ಕಾಗದದ ಮೇಲೆ. ಕಡತ, ಬ್ಯಾಂಕಿನ ಲೆಕ್ಕ, ಸಾಕ್ಷಿ, ಪಾಟೀಸವಾಲು. ಅಂದು ಇಬ್ಬರೂ ಆಣೆ ಮಾಡಿಯೇ ಬಿಟ್ಟಿದ್ದರೆ? ಇಬ್ಬರು ಆಣೆ ಮಾಡಿದವರು ಇರುತ್ತಿದ್ದರು, ಪ್ರಶ್ನೆ ಇದ್ದಲ್ಲೇ ಇರುತ್ತಿತ್ತು.

ಇದೇ ಆಟ 2019ರ ಅಕ್ಟೋಬರ್ 17ರಂದು ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಮತ್ತೆ ನಡೆಯಿತು. ಎಚ್. ವಿಶ್ವನಾಥ್ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದರ ಹಿಂದೆ ಹಣ ಉಂಟೋ ಇಲ್ಲವೋ ಎಂಬ ತಕರಾರು. ಅವರೂ ಸಾ.ರಾ. ಮಹೇಶ್ ಅವರೂ ಬೆಟ್ಟ ಹತ್ತಿದರು. ಅಲ್ಲೂ ಎದುರುಬದುರು ಆಣೆ ಆಗಲಿಲ್ಲ, ತಕರಾರೂ ಇತ್ಯರ್ಥವಾಗಲಿಲ್ಲ.

ಆಣೆಗೂ ಬೆಲೆ ಉಂಟು

ಹಾಗಾದರೆ ಆಣೆ ಎಂಬುದೇ ಬರೀ ನಾಟಕವೇ? ಹಾಗೆ ಹೇಳಿದರೆ ಅನ್ಯಾಯ. ದೊಡ್ಡವರ ಆಣೆ ನಾಟಕವಾದರೂ ಸಣ್ಣವರ ಆಣೆ ನಾಟಕವಲ್ಲ.

ಸಿವಿಲ್ ಕೋರ್ಟಿಗೆ ಹೋದವನ ಪಾಡು ಎಲ್ಲರಿಗೂ ಗೊತ್ತು. ಅಪ್ಪ ಹಾಕಿದ ದಾವೆಗೆ ಮಗ ವಾಯಿದೆಗೆ ಅಲೆಯುತ್ತಾನೆ. ವಕೀಲರ ಫೀಸು, ಬಸ್ ಚಾರ್ಜು, ಆ ದಿನದ ಕೂಲಿ, ಎಲ್ಲ ಸೇರಿಸಿದರೆ ಜಗಳದ ಜಾಗಕ್ಕಿಂತ ಖರ್ಚೇ ದೊಡ್ಡದು. ಅಂಥವನು ಧರ್ಮಸ್ಥಳದ 'ಹೊಯ್ಲಿ'ಗೆ ಹೋಗಿ ಹೆಗ್ಗಡೆಯವರ ಎದುರು ಕೂತು ತಂಟೆ ಮುಗಿಸಿಕೊಂಡು ಬಂದರೆ ತಪ್ಪೇನು? ಅಲ್ಲಿ ದೇವರು ಶಿವ, ಪೂಜೆ ಮಾಧ್ವರದ್ದು, ಧರ್ಮಾಧಿಕಾರ ಜೈನ ಮನೆತನದ್ದು. ಮೂರು ಪಂಥ ಒಂದೇ ಅಂಗಳದಲ್ಲಿ ಸೇರಿ ಜನರ ಮಾತಿಗೆ ಬೆಲೆ ಕಟ್ಟಿದ ಜಾಗ ಅದು. ಕಾಸರಗೋಡಿನ ಕಡೆಯವರು ಕಾನತ್ತೂರಿನ ದೈವಗಳಿಗೆ ಹೆದರುವುದೂ ಹೀಗೆಯೇ. ಪೋಲೀಸರನ್ನು ಒಲಿಸಬಹುದು, ದೈವವನ್ನು ಒಲಿಸಲಿಕ್ಕಾಗದು ಎಂಬ ನಂಬಿಕೆ ಎಷ್ಟೋ ಸಾಲ ವಸೂಲಿ ಮಾಡಿಸಿದೆ, ಎಷ್ಟೋ ಗಡಿಕಲ್ಲು ಸ್ವಸ್ಥಾನಕ್ಕೆ ಮರಳಿಸಿದೆ.

ಆದರೆ ಈ ವ್ಯವಸ್ಥೆಗೆ ಒಂದು ಷರತ್ತುಂಟು. ಎರಡೂ ಕಡೆಯವರು ಹೆದರಬೇಕು, ಅದೂ ಒಂದೇ ದೇವರಿಗೆ.

ಹೆದರದ ಸುಳ್ಳುಗಾರ ಕರ್ಪೂರ ಆರಿಸಿ ಬಂದು ಕೇಸು ಗೆದ್ದೆ ಎನ್ನುತ್ತಾನೆ. ಹೆದರುವ ಸತ್ಯವಂತ, ನಿಜಕ್ಕೂ ಆಣೆ ಮಾಡಬಾರದು ಎಂದು ಅಜ್ಜಿ ಹೇಳಿದ್ದನ್ನು ನೆನೆದು ಹಿಂದೆ ಸರಿಯುತ್ತಾನೆ. ಊರು ಅವನನ್ನೇ ಕಳ್ಳ ಎನ್ನುತ್ತದೆ. ಇನ್ನು ಎದುರಾಳಿ ಬ್ಯಾರಿಯೋ, ಕ್ರಿಶ್ಚಿಯನ್ನರೋ, ದೇವರನ್ನೇ ನಂಬದವನೋ ಆದರೆ? ಯಾರ ದೇವರ ಎದುರು ಯಾರು ನಿಲ್ಲಬೇಕು?

ಸರ್ಕಾರಿ ಆಣೆ

ಈ ಪ್ರಶ್ನೆ ಬ್ರಿಟಿಷ್ ಸರ್ಕಾರಕ್ಕೂ ಎದುರಾಗಿತ್ತು. 1873ರ ಪ್ರಮಾಣ ಕಾಯ್ದೆಯಲ್ಲಿ ಒಂದು ವಿಚಿತ್ರ ಅವಕಾಶವಿತ್ತು. ದಾವೆಯಲ್ಲಿ ಒಬ್ಬ, "ಎದುರಾಳಿ ಇಂಥ ಆಣೆ ಮಾಡಿ ಹೇಳಲಿ, ನಾನು ಒಪ್ಪುತ್ತೇನೆ" ಎನ್ನಬಹುದಿತ್ತು. ಆತ ಮಾಡಿದರೆ ಆ ಮಾತೇ ಕಟ್ಟಕಡೆಯ ಪುರಾವೆ. ಸವಾಲು ಹಾಕಿದವನು ಮತ್ತೆ ತಕರಾರು ಎತ್ತುವಂತಿಲ್ಲ. ಆತ ಒಲ್ಲೆ ಎಂದರೆ ಬಲವಂತವಿಲ್ಲ, ಆದರೆ ಒಲ್ಲೆ ಎಂದದ್ದನ್ನೂ ಅದರ ಕಾರಣವನ್ನೂ ಕೋರ್ಟು ಬರೆದಿಟ್ಟುಕೊಳ್ಳುತ್ತಿತ್ತು. ಅಂದರೆ 2011ರ ಸವಾಲು ಹೊಸದೇನಲ್ಲ, ಹಿಂದೆ ಅದು ಕಾನೂನಿನ ಪುಸ್ತಕದಲ್ಲೇ ಇತ್ತು.

1969ರಲ್ಲಿ ಹೊಸ ಪ್ರಮಾಣ ಕಾಯ್ದೆ ಬಂತು. ಆ ಅವಕಾಶ ಹೋಯಿತು. ಈಗ ಸಾಕ್ಷಿ ಹೇಳುವವನಿಗೆ ಎರಡು ದಾರಿ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ದೇವರ ಹೆಸರಿಲ್ಲದೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡಕ್ಕೂ ಒಂದೇ ತೂಕ. ಸಿನಿಮಾದಲ್ಲಿ ತೋರಿಸುವ ಹಾಗೆ ಕೆಂಪು ಬಟ್ಟೆ ಸುತ್ತಿದ ಗೀತೆಯ ಮೇಲೆ ಕೈ ಇಡಬೇಕೆಂದು ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಪ್ರಮಾಣ ಮಾಡಿಸುವುದು ಬಿಟ್ಟುಹೋದರೂ ಸತ್ಯ ಹೇಳುವ ಹೊಣೆ ಬಿಟ್ಟುಹೋಗದು ಎಂದೂ ಕಾಯ್ದೆ ಹೇಳುತ್ತದೆ. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿದರೆ ಹಳೆಯ ದಂಡಸಂಹಿತೆಯಲ್ಲಿ 7 ವರ್ಷದವರೆಗೆ ಸಜೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಷ್ಟೇ ಉಂಟು. ಭಕ್ತನಿಗೆ ಕಡಿಮೆ, ನಾಸ್ತಿಕನಿಗೆ ಜಾಸ್ತಿ ಎಂದಿಲ್ಲ.

ಈ ಕಾಯ್ದೆಯ ಒಂದು ಮೂಲೆಯಲ್ಲಿ ಮಕ್ಕಳ ಮಾತೂ ಬರುತ್ತದೆ. 12 ವರ್ಷದೊಳಗಿನ ಮಗು ಸಾಕ್ಷಿ ಹೇಳಲು ಬಂದಾಗ, ಅದಕ್ಕೆ ಪ್ರಮಾಣ ಎಂದರೆ ಏನೆಂದು ತಿಳಿಯದಿದ್ದರೂ ನಿಜ ಹೇಳಬೇಕೆಂಬುದು ತಿಳಿದಿದ್ದರೆ ಸಾಕು, ಪ್ರಮಾಣವಿಲ್ಲದೆಯೇ ಅದರ ಸಾಕ್ಷ್ಯವನ್ನು ಕೇಳಬಹುದು.

ಇದನ್ನು ಒಮ್ಮೆ ನಿಧಾನವಾಗಿ ಯೋಚಿಸಬೇಕು. ಆಣೆ, ದೇವರು, ನರಕ, ಪಾಪ ಇದೆಲ್ಲ ತಲೆಗೆ ಹೋಗುವ ಮೊದಲೇ ಮಗುವಿಗೆ ಸುಳ್ಳು ತಪ್ಪೆಂದು ಗೊತ್ತಿರಬಹುದು ಎಂದು ಕಾನೂನೇ ಒಪ್ಪಿಕೊಂಡಿದೆ. ಮಕ್ಕಳಿರುವ ಮನೆಯವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಇಬ್ಬರಿಗೆ ಲಾಡು ಹಂಚುವಾಗ ಒಂದು ಚೂರು ಹೆಚ್ಚುಕಡಿಮೆಯಾದರೆ "ಮೋಸ!" ಎಂದು ಕೂಗುವ ಮಗು ಯಾವ ಪುರಾಣ ಓದಿರುತ್ತದೆ?

ಮಂಗಳೂರಿನ ಕಾಮತರ ತಿದ್ದುಪಡಿ

ದೇವರನ್ನು ಕಾನೂನಿನ ತಲೆಯ ಮೇಲೆ ಕೂರಿಸುವ ಪ್ರಯತ್ನವೂ ನಡೆದಿತ್ತು. ಅದನ್ನು ಮಾಡಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಐಸಿಎಸ್ ನೌಕರಿ ಬಿಟ್ಟು ಸುಭಾಷ್ ಬೋಸರ ಹಿಂದೆ ಹೋದ ಧೀರ ಮನುಷ್ಯ. ಸಂವಿಧಾನ ಸಭೆಯಲ್ಲಿ 1949ರ ಅಕ್ಟೋಬರ್ 17ರಂದು, ಸಂವಿಧಾನದ ಪೀಠಿಕೆ ದೇವರ ಹೆಸರಿನಿಂದಲೇ ಶುರುವಾಗಲಿ ಎಂದು ತಿದ್ದುಪಡಿ ತಂದರು.

ಸಭೆಯಲ್ಲಿದ್ದವರು ಹೆಚ್ಚಿನವರು ಭಕ್ತರೇ. ಆದರೂ ಇರುಸುಮುರುಸು. ದೇವರನ್ನು ಓಟಿಗೆ ಹಾಕುವ ಮುಜುಗರಕ್ಕೆ ನಮ್ಮನ್ನು ತಳ್ಳಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಎನ್ನುವ ಪೀಠಿಕೆಯಲ್ಲೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೇರುವುದು ಹೊಂದುವುದಿಲ್ಲ ಎಂಬುದು ಹೃದಯನಾಥ ಕುಂಜ್ರು ಅವರ ವಾದ. ಕಾಮತರು ಬಿಡಲಿಲ್ಲ, ಓಟು ನಡೆಯಿತು. ಪರ 41, ವಿರೋಧ 68. ದೇವರು ಸೋತರು ಎಂದು ಯಾರೂ ತಿಳಿಯಬೇಕಾಗಿಲ್ಲ. ಆ 68 ಮಂದಿಯಲ್ಲಿ ಎಷ್ಟೋ ಜನ ಮರುದಿನ ಬೆಳಿಗ್ಗೆ ಎದ್ದು ಪೂಜೆ ಮಾಡಿಯೇ ಕಾಫಿ ಕುಡಿದಿರಬೇಕು. ಅವರಿಗೆ ತಮ್ಮ ದೇವರ ಮೇಲೆ ನಂಬಿಕೆ ಇತ್ತು, ಅದನ್ನು ಪಕ್ಕದವನ ಮೇಲೆ ಹೇರುವ ಹಕ್ಕು ಇದೆಯೆಂಬ ನಂಬಿಕೆ ಇರಲಿಲ್ಲ.

ಮುಂದೆ ಶಾಸಕರು, ಮಂತ್ರಿಗಳು ಅಧಿಕಾರ ತೆಗೆದುಕೊಳ್ಳುವಾಗಲೂ ಎರಡು ದಾರಿ ಇಟ್ಟರು. ದೇವರ ಹೆಸರು ಬೇಕಾದವರಿಗೆ ದೇವರ ಹೆಸರು, ಬೇಡದವರಿಗೆ ಸತ್ಯನಿಷ್ಠೆ. ಪ್ರಮಾಣ ಮಾಡಿದ ಮೇಲೆ ಎರಡೂ ಗುಂಪಿನವರು ಹೇಗೆ ನಡೆದುಕೊಂಡರು ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಭಕ್ತಿ ಇತ್ತು, ಕರುಣೆ ಇರಲಿಲ್ಲ

"ಕಾನೂನು ಇವತ್ತಿನದು. ಒಳ್ಳೆಯದು ಕೆಟ್ಟದ್ದು ಹೇಳಿಕೊಟ್ಟದ್ದು ಧರ್ಮವೇ ಅಲ್ಲವಾ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ದಾನ, ದಯೆ, ಹಸಿದವನಿಗೆ ಊಟ, ಇದನ್ನೆಲ್ಲ ಜನ ಕಲಿತದ್ದು ದೇವಸ್ಥಾನ, ಮಸೀದಿ, ಇಗರ್ಜಿಗಳ ನೆರಳಿನಲ್ಲಿ. ಸುಳ್ಳಲ್ಲ. ಆದರೆ ಅದೇ ನೆರಳಿನಲ್ಲಿ ಇನ್ನೇನು ನಡೆಯುತ್ತಿತ್ತು ಎಂಬುದನ್ನೂ ಖಾತೆಗೆ ಬರೆಯಬೇಕು.

ಇದೇ ಅವಿಭಜಿತ ದಕ್ಷಿಣ ಕನ್ನಡದಲ್ಲಿ 'ಅಜಲು' ಎಂಬ ಪದ್ಧತಿ ಇತ್ತು. ಮನೆಯವರ ಅನಿಷ್ಟ ತೊಲಗಲಿ ಎಂದು ಊಟದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುವುದು. ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. ಮಾಡಿಸಿದವರು ದರೋಡೆಕೋರರಲ್ಲ. ದೈವ ದೇವರಿಗೆ ನಡೆದುಕೊಳ್ಳುವ, ಕಾಲಕಾಲಕ್ಕೆ ಕೋಲ ಕೊಡುವ, ಸುಳ್ಳು ಹೇಳಲು ಹೆದರುವ ಮನೆಗಳೇ. ತಾವು ಮಾಡುತ್ತಿರುವುದು ಪಾಪ ಎಂದು ಅವರಿಗೆ ಅನಿಸಲಿಲ್ಲ. ಅನಿಸದಿದ್ದುದಕ್ಕೆ ಕಾರಣ, ಹಿಂದಿನಿಂದ ನಡೆದು ಬಂದ ಕಟ್ಟಲೆ ಎಂಬ ಒಂದು ಮಾತು. ಅದನ್ನು ಅಪರಾಧ ಎಂದು ಬರೆಯಲು ಕರ್ನಾಟಕ ಸರ್ಕಾರ 2000ದ ಇಸವಿಯಲ್ಲಿ ಬೇರೆಯೇ ಕಾಯ್ದೆ ಮಾಡಬೇಕಾಯಿತು. ದೇವರ ಹೆದರಿಕೆ ಬೆಟ್ಟದಷ್ಟು ಇದ್ದ ನಾಡಿನಲ್ಲಿ ಎದುರಿಗಿದ್ದವನೂ ಮನುಷ್ಯ ಎಂಬ ಎಣಿಕೆ ತಪ್ಪಿತ್ತು.

ಹಾಗೆಂದು ಧರ್ಮವನ್ನು ಒಂದೇ ಏಟಿಗೆ ತಳ್ಳಿಹಾಕಿದರೆ ಅದೂ ತಪ್ಪು ಲೆಕ್ಕವಾದೀತು. ದೇವಸ್ಥಾನದ ಹೊರಗೆ ನಿಲ್ಲಿಸಿದ್ದ ಬಿಲ್ಲವರಿಗೆ ನಾರಾಯಣ ಗುರುಗಳು ಕೇರಳದಿಂದ ಬಂದು ದೇವರು ಬೇಡ ಎನ್ನಲಿಲ್ಲ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನೇ ಪ್ರತಿಷ್ಠೆ ಮಾಡಿಕೊಟ್ಟರು. ಅದೇ ಕ್ಷೇತ್ರದಲ್ಲಿ 2013ರಲ್ಲಿ ವಿಧವೆಯರನ್ನು ಅರ್ಚಕಿಯರನ್ನಾಗಿ ನೇಮಿಸಿದರು. ಅಪಶಕುನ ಎನಿಸಿಕೊಂಡ ಕೈಗಳೇ ಆರತಿ ಎತ್ತಿದವು. ಇಲ್ಲಿ ಧರ್ಮ ನೀತಿಯನ್ನು ಹೊತ್ತು ನಡೆಯಿತು, ಒಪ್ಪಬೇಕು. ಆದರೆ ಯಾವ ಕಟ್ಟಲೆ ಉಳಿಯಬೇಕು, ಯಾವುದು ಹೋಗಬೇಕು ಎಂದು ಆರಿಸಿದ್ದು ಯಾವುದು? ಹೊರಗೆ ನಿಂತವರ ನೋವು. ಆ ನೋವು ತಿಳಿಯಲು ಯಾವ ಜಾತಿಯವನಾದರೂ ಆಗಬಹುದು, ಯಾವ ದೇವರಾದರೂ ಆಗಬಹುದು, ದೇವರಿಲ್ಲದಿದ್ದರೂ ಆಗಬಹುದು.

ದೇವರಿಲ್ಲದವರ ಮಾತು ಬಂದರೆ ಪುತ್ತೂರಿನ ಕಡೆ ನೋಡಿದರಾಯಿತು. ಶಿವರಾಮ ಕಾರಂತರು ದಶಕಗಟ್ಟಲೆ ಅಲ್ಲಿ ಬಾಳಿದವರು. ದೇವರ ಗೊಡವೆಗೆ ಹೋದವರಲ್ಲ, ಹೋಗದ್ದನ್ನು ಮುಚ್ಚಿಟ್ಟವರೂ ಅಲ್ಲ. ತುರ್ತುಪರಿಸ್ಥಿತಿ ಬಂದಾಗ ಪದ್ಮಭೂಷಣವನ್ನು ದೆಹಲಿಗೆ ವಾಪಸು ಕಳಿಸಿದರು. ಎಂಬತ್ತು ದಾಟಿದ ಮೇಲೂ ಕೈಗಾ ಅಣುಸ್ಥಾವರದ ವಿರುದ್ಧ ಬೀದಿಗಿಳಿದರು. ಅವರ ಸಿಟ್ಟಿಗೆ ಹೆದರಿದವರಿದ್ದರು. ಅವರ ಮಾತನ್ನು ನಂಬಲಾಗದು, ದೇವರಿಲ್ಲದ ಮನುಷ್ಯ ಎಂದು ಸಾಲ ಕೊಡದೆ ಹೋದ ಅಂಗಡಿ ಪುತ್ತೂರಿನಲ್ಲಿ ಇದ್ದಿರಲಾರದು.

ಉಳಿದ 364 ದಿನ

ಹಾಗಾದರೆ ನೀತಿ ನಿಂತಿರುವುದು ಯಾವುದರ ಮೇಲೆ? ಉತ್ತರ ಪೇಟೆಯ ಯಾವುದೇ ದಿನಸಿ ಅಂಗಡಿಯಲ್ಲಿ ಸಿಗುತ್ತದೆ.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅಂಗಡಿಯವರು ಗಣಪತಿ ಪಟಕ್ಕೆ ಊದುಬತ್ತಿ ಹಚ್ಚುತ್ತಾರೆ. ಅದೇ ಕೈ ತಕ್ಕಡಿಗೂ ಒಂದು ಸುತ್ತು ತೋರಿಸುತ್ತದೆ. ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಮಸೀದಿ ರಸ್ತೆಯ ಅಂಗಡಿಯಲ್ಲಿ ಬಿಸ್ಮಿಲ್ಲಾ, ಇಗರ್ಜಿ ಪಕ್ಕದ ಅಂಗಡಿಯಲ್ಲಿ ಶಿಲುಬೆಯ ಗುರುತು. ಮೂರೂ ಅಂಗಡಿಯ ತಕ್ಕಡಿಯ ಮೇಲೆ ಇರುವ ಮುದ್ರೆ ಮಾತ್ರ ಒಂದೇ, ಕಾನೂನು ಮಾಪನ ಇಲಾಖೆಯದ್ದು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ತೂಕದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು.

ಹಿಂದೆ ಒಂದೂರಿನ ಸೇರು ಇನ್ನೊಂದೂರಿಗೆ ನಡೆಯುತ್ತಿರಲಿಲ್ಲ. ಪ್ರತಿ ಊರಿನ ವ್ಯಾಪಾರಿಯೂ ದೇವರಿಗೆ ಹೆದರಿಯೇ ಅಳೆಯುತ್ತಿದ್ದ, ಆದರೆ ಅಳತೆಯೇ ಬೇರೆ ಬೇರೆ. 1956ರ ತೂಕ ಅಳತೆ ಕಾಯ್ದೆ ಬಂದು ಕಿಲೋ ಎಲ್ಲರಿಗೂ ಒಂದೇ ಆಯಿತು. ಪ್ರಾಮಾಣಿಕತೆ ಇದ್ದರೆ ಸಾಲದು, ಎರಡೂ ಕಡೆಯವರು ಒಪ್ಪಿದ ಕಲ್ಲೂ ಬೇಕು. ನೀತಿಯ ವಿಷಯವೂ ಹಾಗೆಯೇ. ನಿನ್ನ ದೇವರನ್ನು ನಂಬದವನೂ ಪರೀಕ್ಷೆ ಮಾಡಿ ನೋಡಬಹುದಾದ ತೂಕವಿದ್ದರೆ ಮಾತ್ರ ಅದು ಎಲ್ಲರ ನೀತಿ.

ಆದರೆ ಮುದ್ರೆಯವರಿಗೂ ಒಂದು ಪ್ರಶ್ನೆ ಉಂಟು. ಇನ್‌ಸ್ಪೆಕ್ಟರು ಬರುವುದು ವರ್ಷದಲ್ಲಿ ಒಂದು ದಿನ. ಉಳಿದ 364 ದಿನ ಅಂಗಡಿಯವರ ಕೈ ನೋಡುವವರು ಯಾರು? ಅಕ್ಕಿಯ ಜೊತೆ ಗೋಣಿಯನ್ನೂ ತೂಗದೆ ಇರುವಂತೆ ತಡೆಯುವುದು ಏನು? ಕೆಲವರಿಗೆ ಪಟದ ದೇವರು. ಕೆಲವರಿಗೆ ತೀರಿಹೋದ ಅಪ್ಪ ಕಟ್ಟಿದ ಅಂಗಡಿಯ ಹೆಸರು. ಹೆಚ್ಚಿನವರಿಗೆ ಇನ್ನೂ ಸರಳವಾದ ಒಂದು ಕಾರಣ: ಗಿರಾಕಿ ನಾಳೆಯೂ ಬರಬೇಕು. ಬಸ್ಸಿನಲ್ಲಿ ಕಂಡಕ್ಟರು ಟಿಕೇಟಿನ ಹಿಂದೆ ಬಾಕಿ ಚಿಲ್ಲರೆ ಬರೆದು ಕೊಡುತ್ತಾರಲ್ಲ, ಅದರಲ್ಲಿ ಯಾವ ದೇವರ ರುಜುವೂ ಇಲ್ಲ. ಇಳಿಯುವಾಗ ಕೊಡುತ್ತಾರೆ ಎಂಬ ನಂಬಿಕೆ ಇದೆ, ಕೊಡದಿದ್ದರೆ ಇಡೀ ಬಸ್ಸು ಕೇಳುತ್ತದೆ ಎಂಬ ಧೈರ್ಯವೂ ಇದೆ. ಮುಖ ಮುಖಕ್ಕೆ ಸಿಕ್ಕುವ ಜನರ ನಡುವೆ ಹುಟ್ಟುವ ಈ ಹಂಗೇ ನೀತಿಯ ಬೇರು. ಅದಕ್ಕೆ ದೇವರ ಹೆಸರಿನ ನೀರು ಹಾಕುವವರು ಹಾಕಲಿ, ಗಿಡಕ್ಕೆ ಒಳ್ಳೆಯದೇ.

ಜಾತ್ರೆಯ ಸ್ಟಾಲು

ಬೇರನ್ನೇ ಕಡಿಯುವ ಕೆಲಸ ಶುರುವಾದರೆ ಏನಾಗುತ್ತದೆ ಎಂಬುದೂ ಈ ಕರಾವಳಿಗೆ ಗೊತ್ತಿದೆ. 2022ರ ಮಾರ್ಚಿನಲ್ಲಿ ಕಾಪು ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಸ್ಟಾಲು ಇಲ್ಲ ಎಂದಾಯಿತು. ಅಲ್ಲಿಂದ ಒಂದೊಂದೇ ಜಾತ್ರೆಗೆ ಬ್ಯಾನರು ಹಬ್ಬಿತು. ದೇವಸ್ಥಾನದ ಹತ್ತಿರದ ಜಾಗವನ್ನು ಹಿಂದೂಗಳಲ್ಲದವರಿಗೆ ಲೀಸಿಗೆ ಕೊಡಬಾರದು ಎಂಬ 2002ರ ನಿಯಮವನ್ನು ಸರ್ಕಾರ ತೋರಿಸಿತು. ಮೂಲ್ಕಿಯ ಬಪ್ಪನಾಡು ಕ್ಷೇತ್ರದಲ್ಲೂ ಬ್ಯಾನರು ಬಂತು. ಬಪ್ಪ ಎಂಬ ಮುಸ್ಲಿಂ ವ್ಯಾಪಾರಿಯ ಕಥೆಯಿಂದಲೇ ಹೆಸರು ಪಡೆದ ಊರು ಅದು!

ಬಳೆ ಮಾರುವವನು ತೂಕ ತಪ್ಪಿಸಿದ್ದನೇ? ಐಸ್‌ಕ್ಯಾಂಡಿಯವನು ಚಿಲ್ಲರೆ ಕೊಟ್ಟಿರಲಿಲ್ಲವೇ? ಅಂಥ ದೂರು ಬ್ಯಾನರಿನಲ್ಲಿ ಇರಲಿಲ್ಲ. ಹಿಂದೆ ಆಗಿಹೋದ ಬೇರೆ ಗಲಾಟೆಗಳ ಲೆಕ್ಕವನ್ನು ಅವನ ಸ್ಟಾಲಿನ ಮೇಲೆ ಬರೆದರು. ವರ್ಷವಿಡೀ ಜಾತ್ರೆಯಿಂದ ಜಾತ್ರೆಗೆ ಅಲೆದು ಹೊಟ್ಟೆ ಹೊರೆಯುವವನು ಗಂಟು ಕಟ್ಟಿಕೊಂಡು ನಡೆದ. ಅವನಿಗೆ ಸಗಟು ಸಾಮಾನು ಕೊಟ್ಟು ಉದಾರಿ ಬರೆದಿಟ್ಟುಕೊಂಡ ಅಂಗಡಿಯವರು ಬೇರೆ ಜಾತಿಯವರೂ ಇರುತ್ತಾರೆ. ಅವರ ಬಾಕಿ ಯಾವ ದೇವರು ಕೊಡಬೇಕು?

ಹಂಚಿಕೊಂಡ ನೀತಿ ಎಂದರೆ ಪಕ್ಕದವನಿಗೂ ಪಾಲು ಇರುವ ನೀತಿ. ಒಂದೇ ಗರ್ಭಗುಡಿಗೆ ಕೈಮುಗಿಯುವವರ ನಡುವೆ ಮಾತ್ರ ನಡೆಯುವ ನಾಣ್ಯ ಪೇಟೆಯಲ್ಲಿ ಚಲಾವಣೆ ಆಗದು.

ಆದ್ದರಿಂದ ಧರ್ಮ ಬೇಕೋ ಬೇಡವೋ ಎಂಬ ಜಗಳವನ್ನು ಮೈಕಿನವರಿಗೇ ಬಿಡುವುದು ವಾಸಿ. ಊದುಬತ್ತಿ ಹಚ್ಚುವವರು ಹಚ್ಚಲಿ. ಗಿರಾಕಿಗೆ ಅದರ ಪರಿಮಳ ಬಂದರೆ ಸಂತೋಷ. ಆದರೆ ಅವನ ಕಣ್ಣು ಇರುವುದು ತಕ್ಕಡಿಯ ಮುಳ್ಳಿನ ಮೇಲೆ, ಇರಬೇಕಾದ್ದೂ ಅಲ್ಲೇ. ಮುಂದಿನ ಸಲ ಯಾವನಾದರೂ ದೊಡ್ಡ ಮನುಷ್ಯ "ಧರ್ಮಸ್ಥಳಕ್ಕೆ ಬಾ" ಎಂದು ಗುಡುಗಿದರೆ, ಜನ ಒಂದೇ ಮಾತು ಕೇಳಿದರೆ ಸಾಕು:

"ಬರುವ ಸ್ವಾಮಿ. ಬರುವಾಗ ಲೆಕ್ಕದ ಪುಸ್ತಕವನ್ನೂ ಹಿಡ್ಕೊಂಡು ಬನ್ನಿ."